ಶುಕ್ರವಾರ ಬುದ್ಧಿ ಹಲ್ಲು ಕೀಳಿಸಬೇಕು. ಕುರ್ಚಿ ಮೇಲೆ ಏನಾಗುತ್ತದೆ, ಆಮೇಲೆ ಏನಾಗುತ್ತದೆ?

ಕೊಬ್ಬರಿಸೀಮೆ | ಮಂಗಳವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ. ತಿಪಟೂರಿನ ಹತ್ತಿರ ಒಂದು ಶಾಲೆಯಲ್ಲಿ ಟೀಚರ್. ಬಲಗಡೆ ಕೆಳಗಿನ ಬುದ್ಧಿ ಹಲ್ಲು ಅರ್ಧ ಬಂದು ನಿಂತುಬಿಟ್ಟಿದೆ. ಒಂದು ವರ್ಷದಲ್ಲಿ ಇದು ಮೂರನೇ ಸಲ ಅದರ ಮೇಲಿನ ವಸಡು ಊದಿಕೊಂಡಿದ್ದು. ಈ ಸಲ ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯಲಿಲ್ಲ. ಇಡ್ಲಿಯನ್ನು ಸಾಂಬಾರಿನಲ್ಲಿ ಕಲಸಿ ಪಕ್ಕದಿಂದ ತಳ್ಳಿಕೊಂಡೆ.

ಡಾಕ್ಟರ್ ಎರಡೂ ದವಡೆ ಒಟ್ಟಿಗೆ ಕಾಣುವ ದೊಡ್ಡ ಎಕ್ಸ್‌ರೇ ತೆಗೆಸಿದರು. ಬೆಳಕಿಗೆ ಹಿಡಿದು ತೋರಿಸಿದರು. ಉಳಿದ ಹಲ್ಲುಗಳೆಲ್ಲ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನೆಟ್ಟಗಿವೆ. ಇದೊಂದು ಮಾತ್ರ ಅಡ್ಡ ಮಲಗಿಕೊಂಡು ಮುಂದಿನವನಿಗೆ ತಲೆಯಲ್ಲಿ ಗುದ್ದುತ್ತಿದೆ. ಮಾತ್ರೆ ಕೊಟ್ಟು, ಊತ ಇಳಿದ ಮೇಲೆ ಶುಕ್ರವಾರ ಬೆಳಿಗ್ಗೆ ಬನ್ನಿ ಎಂದಿದ್ದಾರೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ದವಡೆ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಅಂತ ಅಮ್ಮ. ಬೆಂಗಳೂರಿಗೇ ಹೋಗೋಣ ಅಂತ ಯಜಮಾನರು. ಸ್ಟಾಫ್ ರೂಮಿನಲ್ಲಂತೂ ಕೇಳಬೇಡಿ, ಒಬ್ಬರ ನಾದಿನಿಗೆ ತಿಂಗಳಾದರೂ ಮುಖ ಇಳಿಯಲಿಲ್ಲವಂತೆ.

ನನಗೆ ಬೇಕಿರುವುದು ಇಷ್ಟೇ. ಕುರ್ಚಿ ಮೇಲೆ ಕೂತ ಮೇಲೆ ಏನೇನು ಮಾಡುತ್ತಾರೆ? ನೋವಾಗುತ್ತದಾ? ಸೋಮವಾರ ಪಾಠ ಮಾಡಬಹುದಾ?

ಬೆಣ್ಣೆದೋಸೆ | ಮಂಗಳವಾರ, ರಾತ್ರಿ 9:58

ಅಕ್ಕಾ, ಹೋದ ವರ್ಷ ನನ್ನದೂ ಇದೇ ಕಥೆ. ಕೀಳುವಾಗ ನೋವಿಲ್ಲ, ದೇವರಾಣೆ. ಆದರೆ ಸದ್ದು! ಕಬ್ಬಿನ ಜಲ್ಲೆ ಮುರಿದ ಹಾಗೆ ಒಂದು ಸದ್ದು ಬರುತ್ತದೆ, ಅದೂ ಕಿವಿಯ ಒಳಗಡೆಯಿಂದ. ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ. ದವಡೆಯೇ ಮುರಿಯಿತು ಅಂದುಕೊಂಡು ಡಾಕ್ಟರ ಕೈ ಹಿಡಿದುಬಿಟ್ಟೆ. ಆಮೇಲಿನದು ಬೇರೆ ಕಥೆ, ಇನ್ನೊಮ್ಮೆ ಹೇಳುತ್ತೇನೆ.

ಮಲೆನಾಡ ದಂತವೈದ್ಯೆ | ಮಂಗಳವಾರ, ರಾತ್ರಿ 10:35

ನಾನು 14 ವರ್ಷದಿಂದ ಹಲ್ಲು ಕೀಳುತ್ತಿದ್ದೇನೆ. ನಿಮ್ಮ ಬಾಯಿ ನೋಡಿಲ್ಲ, ಹಾಗಾಗಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆಯ ಮಾತು. ಸಾಮಾನ್ಯವಾಗಿ ಏನಾಗುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಮೊದಲು ಕಣ್ಣಿನ ವಿಷಯ ಮುಗಿಸಿಬಿಡೋಣ. ವಾರಕ್ಕೊಬ್ಬರಾದರೂ ಇದನ್ನು ಕೇಳುತ್ತಾರೆ. ನೋಟದ ನರ ಮೆದುಳಿನಿಂದ ನೇರವಾಗಿ ಕಣ್ಣಿನ ಹಿಂಭಾಗಕ್ಕೆ ಬರುತ್ತದೆ. ಹಲ್ಲಿಗೆ ಬರುವುದು ಬೇರೆಯೇ ನರ. ಹಲ್ಲು ಕಿತ್ತರೆ ದೃಷ್ಟಿ ಹೋಗುವುದಿಲ್ಲ. ಈ ಮಾತು ಯಾಕೆ ಹುಟ್ಟಿತು ಅಂದರೆ, ನಲವತ್ತು ದಾಟುವ ಹೊತ್ತಿಗೇ ಚಾಳೀಸು ಬರುತ್ತದೆ, ಹಲ್ಲು ಕೀಳಿಸುವುದೂ ಹೆಚ್ಚಾಗಿ ಅದೇ ವಯಸ್ಸಿನಲ್ಲಿ. ಪಾಪ, ಆಪಾದನೆ ಹಲ್ಲಿನ ಮೇಲೆ ಬಂತು. ಅಮ್ಮನಿಗೆ ಹೇಳಿ, ಕೀಳಿಸದೆ ಬಿಟ್ಟ ಹಲ್ಲಿನ ಕೀವು ಮುಖದ ಕಡೆಗೆ, ಕತ್ತಿನ ಕಡೆಗೆ ಹರಡುವುದುಂಟು. ಭಯಪಡಬೇಕಾದ್ದು ಅದಕ್ಕೆ.

ಈಗ ಕುರ್ಚಿ. ಕೆಳದವಡೆಗೆ ಇಂಜೆಕ್ಷನ್ ಕೊಡುವುದು ಹಲ್ಲಿನ ಪಕ್ಕದಲ್ಲಲ್ಲ, ಬಾಯಿಯ ತೀರಾ ಹಿಂದೆ. ಅಲ್ಲಿ ದವಡೆ ಮೂಳೆಯೊಳಗೆ ಹೋಗುವ ನರವಿದೆ. ಊರಿಗೆ ಹೋಗುವ ಕರೆಂಟನ್ನು ಸ್ವಿಚ್ಚಿನಲ್ಲಿ ಅಲ್ಲ, ಟ್ರಾನ್ಸ್‌ಫಾರ್ಮರಿನಲ್ಲೇ ತೆಗೆದ ಹಾಗೆ. ಚುಚ್ಚುವಾಗ ಒಂದು ಚುರುಕು, ಔಷಧಿ ಹೋಗುವಾಗ ಸ್ವಲ್ಪ ಉರಿ. ನಿಮಗೆ ನಿಜವಾಗಿ ನೋವು ಅನ್ನಿಸುವುದು ಅಷ್ಟೇ. ಔಷಧಿಯಲ್ಲಿ ಅಡ್ರಿನಲಿನ್ ಇರುವುದರಿಂದ ಒಂದೆರಡು ನಿಮಿಷ ಎದೆ ಡವಡವ ಅನ್ನಬಹುದು. ಗಾಬರಿ ಬೇಡ.

ಐದು ಹತ್ತು ನಿಮಿಷಕ್ಕೆ ಕೆಳತುಟಿಯ ಬಲ ಅರ್ಧ ಮತ್ತು ನಾಲಿಗೆಯ ಬಲಭಾಗ ಜೋಮು ಹಿಡಿಯುತ್ತದೆ. ತುಟಿಯ ಮಧ್ಯದಲ್ಲಿ ಗೆರೆ ಎಳೆದ ಹಾಗೆ, ಆ ಕಡೆ ಇದೆ, ಈ ಕಡೆ ಇಲ್ಲ. ತುಟಿ ಪೂರ್ತಿ ಜೋಮು ಹಿಡಿಯುವ ತನಕ ಕೆಲಸ ಶುರುಮಾಡಲು ಬಿಡಬೇಡಿ. 'ಇನ್ನೂ ಹತ್ತಿಲ್ಲ ಡಾಕ್ಟ್ರೇ' ಅನ್ನುವುದಕ್ಕೆ ಸಂಕೋಚ ಬೇಡ. ಇನ್ನೊಂದು ಸ್ವಲ್ಪ ಕೊಡುತ್ತಾರೆ.

ಆಮೇಲೆ ಉಳಿಯುವುದು ಒತ್ತಡ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಈ ಔಷಧಿ ನೋವಿನ ಸಣ್ಣ ಎಳೆಗಳನ್ನು ಚೆನ್ನಾಗಿ ಮಲಗಿಸುತ್ತದೆ, ಒತ್ತುವುದು ತಳ್ಳುವುದನ್ನು ತಿಳಿಸುವ ದಪ್ಪ ಎಳೆಗಳನ್ನು ಅಷ್ಟಾಗಿ ಅಲ್ಲ. ಹಾಗಾಗಿ ಯಾರೋ ದವಡೆಯನ್ನು ತಳ್ಳುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ.

ನೆಟ್ಟಗಿರುವ ಹಲ್ಲಾದರೆ ಇಕ್ಕಳದಲ್ಲಿ ಹಿಡಿದು ಎಳೆಯುತ್ತೇವೆ ಅಂತ ಎಲ್ಲರೂ ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಎಳೆಯುವುದು ಕಡಿಮೆ. ಹಲ್ಲು ಮೂಳೆಗೆ ಅಂಟಿಕೊಂಡಿಲ್ಲ, ಸಣ್ಣ ಸಣ್ಣ ನಾರುಗಳಲ್ಲಿ ಕುಳಿಯೊಳಗೆ ತೂಗುಹಾಕಿದ ಹಾಗಿದೆ. ಮೀಟುಗೋಲಿನಿಂದ ನಾರು ಬಿಡಿಸಿ, ಆ ಕಡೆ ಈ ಕಡೆ ಅಲ್ಲಾಡಿಸಿ ಕುಳಿಯನ್ನು ಅಗಲ ಮಾಡುತ್ತೇವೆ. ನೆಲದಲ್ಲಿ ಹೂತ ಗೂಟ ಕೀಳುವಾಗ ಅಲ್ಲಾಡಿಸುವುದಿಲ್ಲವೇ, ಹಾಗೆ. ನಿಮ್ಮದು ಅಡ್ಡ ಮಲಗಿದೆಯಲ್ಲ, ಅಲ್ಲಾಡಿಸಲು ಜಾಗವೇ ಇಲ್ಲ. ವಸಡು ಸ್ವಲ್ಪ ಬಿಡಿಸಿ, ಅಡ್ಡ ಬಂದ ಮೂಳೆಯನ್ನು ಚೂರು ಕೊರೆದು, ಹಲ್ಲನ್ನೇ ಎರಡು ಮೂರು ತುಂಡು ಮಾಡಿ ತೆಗೆಯುತ್ತಾರೆ. ಆಮೇಲೆ ಒಂದೆರಡು ಹೊಲಿಗೆ. ಹೆಚ್ಚಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ.

ಎಡಗೈ ಎತ್ತಿದರೆ ನಿಲ್ಲಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಕೈ ಎತ್ತುವ ಪ್ರಸಂಗ ಬರದೇ ಇರಬಹುದು. ಎತ್ತಬಹುದು ಅನ್ನುವುದು ಗೊತ್ತಿದ್ದರೇ ಅರ್ಧ ಧೈರ್ಯ.

ಸೋಮವಾರದ ಪಾಠ ಕಷ್ಟ. ಊತ ಜಾಸ್ತಿ ಇರುವುದು ಎರಡನೇ ಮೂರನೇ ದಿನ. ಬುಧವಾರ ಇಟ್ಟುಕೊಳ್ಳಿ.

ಲಂಡನ್ ಕನ್ನಡಿಗ | ಬುಧವಾರ, ನಸುಕು 2:15

ಒಂದು ಅನುಮಾನ. ಇಲ್ಲಿ ಇಂಗ್ಲೆಂಡಿನಲ್ಲಿ ತೊಂದರೆ ಕೊಡದ ಬುದ್ಧಿ ಹಲ್ಲನ್ನು ಸುಮ್ನೆ ಮುಂಜಾಗ್ರತೆಗೆ ಅಂತ ಕೀಳಬಾರದು ಅನ್ನುವ ಸರ್ಕಾರಿ ಮಾರ್ಗಸೂಚಿ 2000ದಲ್ಲೇ ಬಂದಿದೆ. ನನ್ನ ಎರಡು ಬುದ್ಧಿ ಹಲ್ಲು ಮಲಗಿಯೇ ಇವೆ, ಯಾರೂ ಮುಟ್ಟಿಲ್ಲ. ಊರಿಗೆ ಬಂದಾಗ ತೋರಿಸಿದರೆ ನಾಲ್ಕನ್ನೂ ಒಟ್ಟಿಗೆ ತೆಗೆದುಬಿಡೋಣ ಅಂದರು. ಒಬ್ಬೊಬ್ಬರು ಒಂದೊಂದು ಹೇಳಿದರೆ ನಾವು ಯಾರನ್ನು ನಂಬುವುದು?

ಮಲೆನಾಡ ದಂತವೈದ್ಯೆ | ಬುಧವಾರ, ಬೆಳಿಗ್ಗೆ 7:20

ನಿಮ್ಮ ಪ್ರಶ್ನೆ ಸರಿಯಾಗಿದೆ ಸಾರ್. ಯಾಕೆ ತೆಗೆಯಬೇಕು ಅಂತ ಕೇಳಿ. 'ಮುಂದೆ ತೊಂದರೆ ಕೊಡಬಹುದು' ಅನ್ನುವುದೊಂದೇ ಉತ್ತರವಾದರೆ ಇನ್ನೊಬ್ಬರಿಗೂ ತೋರಿಸಿ. ನಮ್ಮಲ್ಲಿ ಕೆಲವರಿಗೆ ಆತುರ ಜಾಸ್ತಿ, ಇಲ್ಲ ಅನ್ನುವುದಿಲ್ಲ.

ಆದರೆ ಇವರ ಹಲ್ಲು ಸುಮ್ಮನೆ ಮಲಗಿಲ್ಲ. ಅರ್ಧ ಹೊರಬಂದ ಹಲ್ಲಿನ ಮೇಲೆ ವಸಡು ಟೋಪಿಯ ಹಾಗೆ ಕೂತಿರುತ್ತದೆ. ಟೋಪಿಯ ಕೆಳಗೆ ಅನ್ನದಗುಳು ಸೇರುತ್ತದೆ, ಬ್ರಷ್ ಹೋಗುವುದಿಲ್ಲ, ಕೊಳೆಯುತ್ತದೆ, ಊದುತ್ತದೆ. ಮಾತ್ರೆಗೆ ಇಳಿಯುತ್ತದೆ, ಟೋಪಿ ಅಲ್ಲೇ ಇರುವುದರಿಂದ ಮತ್ತೆ ಬರುತ್ತದೆ. ಮೂರು ಸಲ ಬಂದಿದೆ ಅಂದರೆ ತೆಗೆಯುವುದು ಸರಿ. ನಿಮ್ಮ ಕಡೆಯ ಮಾರ್ಗಸೂಚಿಯೂ ಇದಕ್ಕೆ ಬೇಡ ಅನ್ನುವುದಿಲ್ಲ.

ನಿವೃತ್ತ ಮೇಷ್ಟ್ರು | ಬುಧವಾರ, ಬೆಳಿಗ್ಗೆ 8:05

ತಾಯೀ, ನೀವೂ ಮೇಷ್ಟ್ರು, ನಾನೂ ಮೇಷ್ಟ್ರು. ಅದಕ್ಕೆ ಒಂದು ಪಾಠದಿಂದಲೇ ಶುರು ಮಾಡುತ್ತೇನೆ.

1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಒಂದು ನಗೆ ಅನಿಲದ ಪ್ರದರ್ಶನ. ಅನಿಲ ಸೇದಿದ ಒಬ್ಬ ಕುಣಿದಾಡುತ್ತಾ ಕಾಲಿಗೆ ಪೆಟ್ಟು ಮಾಡಿಕೊಂಡ. ರಕ್ತ ಸುರಿದರೂ ಅವನಿಗೆ ಗೊತ್ತೇ ಆಗಲಿಲ್ಲ. ಹೊರೇಸ್ ವೆಲ್ಸ್ ಎಂಬ ಹಲ್ಲಿನ ವೈದ್ಯ ಅದನ್ನು ನೋಡುತ್ತಾ ಕೂತಿದ್ದ. ಮರುದಿನವೇ ತಾನು ಆ ಅನಿಲ ಸೇದಿ, ಜೊತೆಯ ವೈದ್ಯನಿಂದ ತನ್ನದೇ ಹಲ್ಲು ಕೀಳಿಸಿಕೊಂಡ. ನೋವಾಗಲಿಲ್ಲ. ಈಗ ನಿಮಗೆ ಕೊಡುವ ಮರಗಟ್ಟಿಸುವ ಔಷಧಿ ಲಿಗ್ನೋಕೇನ್ ಸ್ವೀಡನ್ನಿನಲ್ಲಿ ತಯಾರಾದದ್ದು 1943ರಲ್ಲಿ. ಅದಕ್ಕೂ ಹಿಂದಿನ ತಲೆಮಾರಿನವರು ಹಳ್ಳಿಯಲ್ಲಿ ಹೇಗೆ ಕೀಳಿಸುತ್ತಿದ್ದರು ಅನ್ನುವುದನ್ನು ನಮ್ಮ ತಾತ ಹೇಳುತ್ತಿದ್ದರು, ಇಲ್ಲಿ ಬರೆದರೆ ನೀವು ಶುಕ್ರವಾರ ಹೋಗುವುದಿಲ್ಲ.

ಇನ್ನು ನನ್ನ ಪುರಾಣ. ಎರಡು ವರ್ಷದ ಹಿಂದೆ ಅಲ್ಲಾಡುತ್ತಿದ್ದ ಒಂದು ಮೇಲಿನ ಹಲ್ಲು ಕೀಳಿಸಲು ಹೋದೆ. ಕ್ಲಿನಿಕ್ಕಿನ ಹುಡುಗಿ ಬಿಪಿ ಇದೆಯಾ, ಶುಗರ್ ಇದೆಯಾ ಅಂತ ಕೇಳಿದಳು. ಎರಡೂ ಇಲ್ಲ ಅಂದೆ. ಸುಳ್ಳಲ್ಲ. ಆದರೆ ನನಗೆ ಸ್ಟೆಂಟ್ ಹಾಕಿದ್ದಾರೆ, ದಿನಾ ರಾತ್ರಿ ರಕ್ತ ತೆಳುವಾಗುವ ಎರಡು ಮಾತ್ರೆ ನುಂಗುತ್ತೇನೆ. ಅದನ್ನು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅದು ಹೃದಯದ ವಿಷಯ, ಹಲ್ಲಿಗೇನು ಸಂಬಂಧ ಅಂತ ನನ್ನ ಲೆಕ್ಕ.

ಹತ್ತೇ ನಿಮಿಷದಲ್ಲಿ ಹಲ್ಲು ಬಂತು. ಮನೆಗೆ ಬಂದು ಮಜ್ಜಿಗೆ ಅನ್ನ ತಿಂದು ಮಲಗಿದೆ. ರಾತ್ರಿ ಎರಡು ಗಂಟೆಗೆ ಬಾಯಿ ತುಂಬಾ ಉಪ್ಪುಪ್ಪು. ದೀಪ ಹಾಕಿದರೆ ದಿಂಬು ಕೆಂಪು. ಬಚ್ಚಲಿಗೆ ಹೋಗಿ ಉಗಿದೆ, ಬಾಯಿ ಮುಕ್ಕಳಿಸಿದೆ, ಮತ್ತೆ ಉಗಿದೆ. ಉಗಿದಷ್ಟೂ ಬರುತ್ತಿತ್ತು. ಮಗ ಕಾರಿನಲ್ಲಿ ಕೂರಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಓಡಿಸಿದ. ಅಲ್ಲಿ ಒಂದು ಹೊಲಿಗೆ ಹಾಕಿ, ಬಟ್ಟೆ ಇಟ್ಟು ಗಟ್ಟಿಯಾಗಿ ಕಚ್ಚಿಸಿದರು. ಅರ್ಧ ಗಂಟೆಗೆ ನಿಂತಿತು. 'ಉಗಿಯದೇ ಸುಮ್ಮನೆ ಕಚ್ಚಿಕೊಂಡಿದ್ದರೆ ಇಷ್ಟು ಬರುತ್ತಿರಲಿಲ್ಲ ಅಜ್ಜಾ' ಅಂದ ಅಲ್ಲಿದ್ದ ಹುಡುಗ ಡಾಕ್ಟರು. 67 ವರ್ಷಕ್ಕೆ ಬೈಸಿಕೊಂಡೆ.

ಈಗ ಎಲ್ಲಿಗೇ ಹೋದರೂ ಮಾತ್ರೆ ಚೀಟಿ ಶರ್ಟಿನ ಜೇಬಿನಲ್ಲೇ ಇರುತ್ತದೆ.

ಮಲೆನಾಡ ದಂತವೈದ್ಯೆ | ಬುಧವಾರ, ಮಧ್ಯಾಹ್ನ 1:50

ಮೇಷ್ಟ್ರೇ, ನಿಮಗೆ ದೊಡ್ಡ ನಮಸ್ಕಾರ. ಇದನ್ನು ಓದಿ ಯಾರಾದರೂ ಇನ್ನೊಂದು ತಪ್ಪು ಮಾಡಬಾರದು ಅಂತ ಬರೆಯುತ್ತಿದ್ದೇನೆ. ರಕ್ತ ತೆಳುವಾಗುವ ಮಾತ್ರೆಯನ್ನು ನೀವೇ ನಿಲ್ಲಿಸಿಕೊಂಡು ಬರಬೇಡಿ. ಸ್ಟೆಂಟ್ ಇರುವವರು ಮಾತ್ರೆ ಬಿಟ್ಟರೆ ಸ್ಟೆಂಟೇ ಕಟ್ಟಿಕೊಳ್ಳಬಹುದು, ಅದು ಹಲ್ಲಿನ ರಕ್ತಕ್ಕಿಂತ ಸಾವಿರ ಪಾಲು ಅಪಾಯ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನಡೆಯುತ್ತಿರುವಾಗಲೇ ಒಂದೆರಡು ಹಲ್ಲು ಕೀಳುವುದು ನಮಗೆ ಮಾಮೂಲಿ. ಹೊಲಿಗೆ ಹಾಕುತ್ತೇವೆ, ಕುಳಿಯಲ್ಲಿ ರಕ್ತ ಹಿಡಿಯುವ ಸ್ಪಂಜು ಇಡುತ್ತೇವೆ, ಜಾಸ್ತಿ ಹೊತ್ತು ಕೂರಿಸಿಕೊಳ್ಳುತ್ತೇವೆ. ವಾರ್ಫರಿನ್ ತರಹದ್ದು ತೆಗೆದುಕೊಳ್ಳುವವರಿಗೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತಿಳಿಸುವ ಐಎನ್‌ಆರ್ ರಕ್ತಪರೀಕ್ಷೆ ನೋಡಿಕೊಂಡು ದಿನ ಗೊತ್ತು ಮಾಡುತ್ತೇವೆ. ಗೊತ್ತಿದ್ದರೆ ತಾನೇ ಇದೆಲ್ಲ?

ಶುಗರ್ ಇರುವವರು ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ, ಅದೊಂದು ನನಗೆ ಅರ್ಥವಾಗದ ವಿಷಯ. ತಿಂಡಿ ತಿಂದು, ಮಾತ್ರೆ ತೆಗೆದುಕೊಂಡು, ಬೆಳಿಗ್ಗೆಯೇ ಬನ್ನಿ. ಜಾಗ ಮರಗಟ್ಟಿಸಿ ಕೀಳುವುದಕ್ಕೆ ಉಪವಾಸ ಬೇಡ.

ಧಾರವಾಡ ಪೇಡೆ | ಬುಧವಾರ, ಸಂಜೆ 4:30

ಡಾಕ್ಟ್ರ, ನಮ್ಮ ಅವ್ವಗ 64 ವರ್ಷರೀ. ಕೆಳಗಿನ ಒಂದು ದವಡೆ ಹಲ್ಲು ಪೂರ್ತಿ ಹುಳುಕು. ಮುಂದಿನ ವಾರ ಕೀಳಿಸಬೇಕು ಅಂತ ಇದ್ದೇವೆ. ಬಿಪಿ, ಶುಗರ್, ಹಾರ್ಟ್ ಏನೂ ಇಲ್ಲ. ಮೂಳೆ ಸವೆದಿದೆ ಅಂತ ವರ್ಷಕ್ಕೊಂದು ಸಲ ಡ್ರಿಪ್ ಹಾಕಿಸುತ್ತೇವೆ, ಅಷ್ಟೇ. ಅದನ್ನೂ ಹೇಳಬೇಕೇನ್ರೀ?

ಮಲೆನಾಡ ದಂತವೈದ್ಯೆ | ಬುಧವಾರ, ಸಂಜೆ 4:52

ಅದನ್ನೇ ಮೊದಲು ಹೇಳಬೇಕು! ಡಿಸ್ಚಾರ್ಜ್ ಚೀಟಿ ನೋಡಿ. ಝೋಲೆಡ್ರಾನಿಕ್ ಆಸಿಡ್ ಅಂತ ಇರಬಹುದು. ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ ಮಾತ್ರೆಯೂ ಇದೇ ಜಾತಿ. ಇವು ಮೂಳೆ ಕರಗುವುದನ್ನು ತಡೆಯುತ್ತವೆ, ಜೊತೆಗೆ ಹಳೆ ಮೂಳೆ ಹೋಗಿ ಹೊಸದು ಬರುವುದನ್ನೂ ನಿಧಾನ ಮಾಡುತ್ತವೆ. ಹಾಗಾಗಿ ಅಪರೂಪಕ್ಕೆ ಕೆಲವರಲ್ಲಿ ಹಲ್ಲು ಕಿತ್ತ ಜಾಗ ಮಾಯುವುದೇ ಇಲ್ಲ, ದವಡೆ ಮೂಳೆ ಬರಿದಾಗಿ ಕಾಣುತ್ತದೆ. ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಈ ಅಪಾಯ ತೀರಾ ಕಡಿಮೆ, ಕ್ಯಾನ್ಸರ್ ರೋಗಿಗಳಿಗೆ ಕೊಡುವ ಪ್ರಮಾಣದಲ್ಲಿ ಜಾಸ್ತಿ. ಕೀಳಲೇಬಾರದು ಅಂತಲ್ಲ. ರೂಟ್ ಕೆನಾಲ್ ಮಾಡಿ ಉಳಿಸಿಕೊಳ್ಳಬಹುದಾ ಅಂತ ಮೊದಲು ನೋಡುತ್ತಾರೆ. ಮುಖ, ಕತ್ತಿಗೆ ರೇಡಿಯೇಷನ್ ಆದವರಿಗೂ ಇದೇ ಮಾತು, ಇನ್ನೂ ಒತ್ತಿ ಹೇಳುತ್ತೇನೆ.

ಧಾರವಾಡ ಪೇಡೆ | ಬುಧವಾರ, ಸಂಜೆ 5:10

ಚೀಟಿ ನೋಡಿದೆ. ಅದೇ ಹೆಸರು ಇದೆ. ಮೊದಲು ಫೋನ್ ಮಾಡುತ್ತೇನೆ. ಬಾಳ ಉಪಕಾರ ಆತ್ರಿ.

ಹೆಸರಿಲ್ಲದ ಹಲ್ಲು | ಬುಧವಾರ, ರಾತ್ರಿ 8:15

ನನಗೆ ಈಗ ಹಲ್ಲು ನೋವು ತಡೆಯಲು ಆಗುತ್ತಿಲ್ಲ, ಕೆನ್ನೆ ಊದಿದೆ. ಇವತ್ತೇ ಕಿತ್ತುಬಿಡಿ ಅಂದರೆ ಮಾತ್ರೆ ಕೊಟ್ಟು ಮೂರು ದಿನ ಬಿಟ್ಟು ಬನ್ನಿ ಅನ್ನುತ್ತಾರೆ. ದುಡ್ಡು ಮಾಡುವ ಉಪಾಯ ಅಲ್ವಾ? ಅಕ್ಕಪಕ್ಕದವರು ಆಸ್ಪಿರಿನ್ ಮಾತ್ರೆ ಪುಡಿ ಮಾಡಿ ಹಲ್ಲಿಗೆ ಒತ್ತಿಕೋ ಅನ್ನುತ್ತಿದ್ದಾರೆ.

ಮಲೆನಾಡ ದಂತವೈದ್ಯೆ | ಬುಧವಾರ, ರಾತ್ರಿ 9:00

ಒತ್ತಿಕೊಳ್ಳಬೇಡಿ. ಆಸ್ಪಿರಿನ್ ಆಮ್ಲ, ವಸಡು ಸುಟ್ಟು ಬೆಳ್ಳಗಾಗುತ್ತದೆ. ಲವಂಗದೆಣ್ಣೆ ಒಂದು ಹನಿ ಹತ್ತಿಯಲ್ಲಿ ಅದ್ದಿ ಹುಳುಕಿಗೆ ಮುಟ್ಟಿಸಿದರೆ ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಅದರಿಂದ ಹುಳುಕು ವಾಸಿಯಾಗುವುದಿಲ್ಲ.

ಕೀವು ತುಂಬಿದ ಜಾಗ ಹುಳಿಯಾಗಿರುತ್ತದೆ, ಅಲ್ಲಿ ಮರಗಟ್ಟುವ ಔಷಧಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಎಷ್ಟೋ ಸಲ ಮೊದಲು ಕೀವು ತೆಗೆದು ಅಥವಾ ಊತ ಇಳಿಸಿ ಆಮೇಲೆ ಮುಟ್ಟುತ್ತೇವೆ. ಎಲ್ಲರಿಗೂ ಕಾಯಬೇಕಂತಿಲ್ಲ, ಕೆಲವು ಹಲ್ಲು ಅದೇ ದಿನ ತೆಗೆಯುವುದೇ ಒಳ್ಳೆಯದು. ನೋಡಿದವರಿಗೆ ಗೊತ್ತು. ಆದರೆ ಜ್ವರ ಬಂದರೆ, ಊತ ಗದ್ದದ ಕೆಳಗಿಳಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಮೂರು ದಿನ ಕಾಯಬೇಡಿ. ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಹೊರಡಿ. ಅದಕ್ಕೆ ಕ್ಲಿನಿಕ್ ಸಾಲದು.

ಕೊಬ್ಬರಿಸೀಮೆ | ಶುಕ್ರವಾರ, ರಾತ್ರಿ 7:30

ಆಯಿತು. ಬರೆಯುತ್ತಿದ್ದೇನೆ ಅಂದರೆ ಬದುಕಿದ್ದೇನೆ ಅಂತ ತಿಳಿಯಿರಿ.

ಕೂತ ಕೂಡಲೇ ಮೂಗಿಗೆ ಬಡಿದದ್ದು ಲವಂಗದ ವಾಸನೆ. ಅಮ್ಮನ ಮಸಾಲೆ ಡಬ್ಬಿ ನೆನಪಾಯಿತು. ಎರಡು ಇಂಜೆಕ್ಷನ್ ಕೊಟ್ಟರು. ಐದು ನಿಮಿಷಕ್ಕೆ ತುಟಿ ಸೈಕಲ್ ಟ್ಯೂಬಿನಷ್ಟು ದಪ್ಪ ಆಯಿತು ಅಂತ ಅನ್ನಿಸಿತು. ಕನ್ನಡಿಯಲ್ಲಿ ನೋಡಿದರೆ ಮೊದಲಿನ ಹಾಗೇ ಇದೆ! ಡಾಕ್ಟರ್ ಒಂದು ಸೂಜಿಯಂಥದ್ದರಿಂದ ವಸಡು ಚುಚ್ಚಿ ಗೊತ್ತಾಗುತ್ತಾ ಅಂದರು. ಸ್ವಲ್ಪ ಗೊತ್ತಾಯಿತು. ನಿಮ್ಮ ಮಾತು ನೆನಪಾಗಿ ಧೈರ್ಯ ಮಾಡಿ ಹೇಳಿದೆ. ಇನ್ನೊಂದು ಕೊಟ್ಟರು. ಆಮೇಲೆ ಏನೂ ಇಲ್ಲ.

ಬೆಣ್ಣೆದೋಸೆ ತಮ್ಮಾ, ಆ ಸದ್ದು ಬಂತು. ನೀನು ಹೇಳದಿದ್ದರೆ ನಾನೂ ಕೈ ಹಿಡಿಯುತ್ತಿದ್ದೆ. ಕೊರೆಯುವಾಗ ನೀರು ಗಂಟಲಿಗೆ ಇಳಿಯುತ್ತಿತ್ತು, ನಿಜವಾಗಿ ಕಷ್ಟ ಆಗಿದ್ದು ಅದೇ. ಬಾಯಿ ತೆರೆದು ತೆರೆದು ದವಡೆ ಕೀಲು ನೋಯತೊಡಗಿತು. ಗೋಡೆ ಗಡಿಯಾರದಲ್ಲಿ 35 ನಿಮಿಷ. ಕೊನೆಗೆ ತಟ್ಟೆಯಲ್ಲಿ ಮೂರು ಚೂರು ತೋರಿಸಿದರು. ಒಡೆದ ಅಡಿಕೆಯ ಹಾಗಿತ್ತು. ಇದಕ್ಕಾಗಿ ಇಷ್ಟೆಲ್ಲಾ!

ಅಮ್ಮ ಫೋನಿನಲ್ಲಿ ಮೊದಲು ಕೇಳಿದ್ದು, ಹಲ್ಲು ತಂದೆಯಾ ಅಂತ. ಚಿಕ್ಕವಳಿದ್ದಾಗ ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಸುತ್ತಿದ್ದಳು. ಇದನ್ನೂ ಎಸೆಯಬೇಕಾ ಅಂದೆ, ನಕ್ಕಳು. ನನಗೆ ನಗಲು ಆಗಲಿಲ್ಲ.

ಈಗ ಜೋಮು ಬಿಟ್ಟಿದೆ. ಜೋಮು ಬಿಡುವ ಮೊದಲೇ ನೋವಿನ ಮಾತ್ರೆ ತೆಗೆದುಕೊಳ್ಳಿ ಅಂದಿದ್ದರು, ತೆಗೆದುಕೊಂಡೆ. ಬಾಯಲ್ಲಿ ಗಾಜ್ ಬಟ್ಟೆ ಮುಕ್ಕಾಲು ಗಂಟೆ ಕಚ್ಚಿಕೊಂಡಿದ್ದೆ. ಎಂಜಲು ಗುಲಾಬಿ ಬಣ್ಣ ಬರುತ್ತಿದೆ. ಉಗಿಯುತ್ತಿಲ್ಲ ಮೇಷ್ಟ್ರೇ, ನುಂಗುತ್ತಿದ್ದೇನೆ. ತಣ್ಣಗಿನ ಮೊಸರನ್ನ ತಿಂದೆ.

ನಿವೃತ್ತ ಮೇಷ್ಟ್ರು | ಶುಕ್ರವಾರ, ರಾತ್ರಿ 7:41

ಭೇಷ್. ತಲೆಗೆ ಎರಡು ದಿಂಬು ಇಟ್ಟುಕೊಂಡು ಮಲಗಿ ತಾಯೀ. ಬಿಳಿ ದಿಂಬು ಬೇಡ.

ಬೆಣ್ಣೆದೋಸೆ | ಶುಕ್ರವಾರ, ರಾತ್ರಿ 10:20

ಸರಿ, ಈಗ ನನ್ನ 'ಬೇರೆ ಕಥೆ' ಹೇಳಿಬಿಡುತ್ತೇನೆ. ಮೊದಲೇ ಹೇಳಿದ್ದರೆ ಅಕ್ಕ ಹೆದರುತ್ತಿದ್ದರು.

ನನಗೆ ಡಾಕ್ಟರ್ ಕೊಟ್ಟ ಚೀಟಿಯಲ್ಲಿ ಬರೆದಿತ್ತು: 24 ಗಂಟೆ ಉಗಿಯಬಾರದು, ಬಾಯಿ ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಕುಡಿಯಬಾರದು, ಸಿಗರೇಟ್ ಇನ್ನೂ ಕೆಲವು ದಿನ ಬೇಡ. ಓದಿದೆ, ಮಡಚಿ ಜೇಬಿಗಿಟ್ಟೆ. ಸಂಜೆ ಆಫೀಸಿನ ಗೆಳೆಯರು ನೋಡಲು ಬಂದರು. ಬಿಸಿ ಟೀ, ಜೊತೆಗೆ ಒಂದು ದಮ್. ಏನೂ ಆಗಲಿಲ್ಲ. ಎರಡನೇ ದಿನ ನೋವು ಅರ್ಧಕ್ಕರ್ಧ ಕಡಿಮೆ. ನಾನೇ ರಾಜ ಅಂದುಕೊಂಡು ಇನ್ನೆರಡು ಸೇದಿದೆ.

ಮೂರನೇ ದಿನ ರಾತ್ರಿ ಶುರುವಾಯಿತು ನೋಡಿ. ಕೀಳುವ ಮೊದಲೂ ಅಂಥ ನೋವು ಇರಲಿಲ್ಲ. ಕಿವಿಯೊಳಗೆ ಕಾದ ಕಡ್ಡಿ ಇಟ್ಟ ಹಾಗೆ. ನೋವು ಹಲ್ಲಿನದೋ ಕಿವಿಯದೋ ಗೊತ್ತಾಗುತ್ತಿಲ್ಲ. ಬಾಯಿ ಸತ್ತ ಇಲಿಯ ವಾಸನೆ. ಮಾತ್ರೆ ನುಂಗಿದರೆ ಒಂದು ಗಂಟೆ ತಡೆಯುತ್ತಿತ್ತು, ಮತ್ತೆ ಅದೇ. ಬೆಳಿಗ್ಗೆ ಏಳಕ್ಕೇ ಕ್ಲಿನಿಕ್ಕಿನ ಬಾಗಿಲ ಮುಂದೆ ಕೂತಿದ್ದೆ.

ಡಾಕ್ಟರ್ ನೋಡಿ ಒಂದೇ ಮಾತು ಕೇಳಿದರು. 'ಎಷ್ಟು ಸೇದಿದೆ?' ಕುಳಿ ತೊಳೆದು, ಲವಂಗದ ವಾಸನೆಯ ಕಂದು ನಾರಿನಂಥ ಔಷಧಿ ತುಂಬಿದರು. ಹತ್ತು ನಿಮಿಷ. ನೋವು ಹೋಗಿಯೇಬಿಟ್ಟಿತು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಒಂದೆರಡು ದಿನಕ್ಕೊಮ್ಮೆಯಂತೆ ಇನ್ನೂ ಎರಡು ಸಲ ತುಂಬಿಸಿಕೊಂಡು ಬಂದೆ.

ಮಲೆನಾಡ ದಂತವೈದ್ಯೆ | ಶನಿವಾರ, ಬೆಳಿಗ್ಗೆ 6:50

ಡ್ರೈ ಸಾಕೆಟ್. ಪಠ್ಯಪುಸ್ತಕದಲ್ಲಿ ಹಾಕಬೇಕು ನಿಮ್ಮ ವರ್ಣನೆಯನ್ನು.

ಹಲ್ಲು ಹೋದ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂರುತ್ತದೆ. ಹಾಲು ಹೆಪ್ಪಾಗುವಾಗ ಪಾತ್ರೆ ಅಲ್ಲಾಡಿಸಿದರೆ ಮೊಸರು ಒಡೆಯುವುದಿಲ್ಲವೇ? ಇದೂ ಹಾಗೇ. ಆ ಹೆಪ್ಪೇ ಮೂಳೆಗೆ ಮುಚ್ಚಳ. ಸಿಗರೇಟ್ ಎಳೆತ, ಸ್ಟ್ರಾ, ಜೋರಾಗಿ ಉಗಿಯುವುದು ಇವು ಹೆಪ್ಪನ್ನು ಕಿತ್ತುಹಾಕಬಹುದು. ಹೊಗೆಯಂತೂ ರಕ್ತ ಓಡಾಟವನ್ನೇ ಕಡಿಮೆ ಮಾಡುತ್ತದೆ. ಎಲೆಅಡಿಕೆ, ಗುಟ್ಕಾ ಹಾಕುವವರೂ ಹೊರತಲ್ಲ, ಅವರಿಗೆ ಉಗಿಯದೇ ಇರಲು ಆಗುವುದಿಲ್ಲವಲ್ಲ! ಹೆಪ್ಪು ಹೋದರೆ ಮೂಳೆ ಬತ್ತಲೆ, ಗಾಳಿ ಸೋಕಿದರೂ ನೋವು. ಕೆಳದವಡೆಯ ಬುದ್ಧಿ ಹಲ್ಲಿನ ಕುಳಿಯಲ್ಲಿ ಇದು ಜಾಸ್ತಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಲ್ಲೂ ಸ್ವಲ್ಪ ಜಾಸ್ತಿ. ಏನೂ ತಪ್ಪು ಮಾಡದವರಿಗೂ ಒಮ್ಮೊಮ್ಮೆ ಬರುತ್ತದೆ, ಅವರನ್ನು ಬೈಯಬೇಡಿ.

ಕೊಬ್ಬರಿಸೀಮೆ ಅವರೇ, 24 ಗಂಟೆ ಕಳೆದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಬಾಯಲ್ಲಿ ಹಿಡಿದು ತಲೆ ಓರೆ ಮಾಡಿ, ತಾನಾಗಿ ಸುರಿದುಹೋಗಲು ಬಿಡಿ. ಗಳಗಳ ಅನ್ನಿಸಬೇಡಿ. ಉಳಿದ ಹಲ್ಲನ್ನು ಮೆತ್ತಗೆ ಉಜ್ಜಿ.

ಕೊಬ್ಬರಿಸೀಮೆ | ಭಾನುವಾರ, ಬೆಳಿಗ್ಗೆ 8:10

ಡಾಕ್ಟ್ರೇ, ಭಯ ಆಗುತ್ತಿದೆ. ಎದ್ದು ನೋಡಿದರೆ ಕೆನ್ನೆ ನಿನ್ನೆಗಿಂತ ದಪ್ಪ. ಒಂದು ಕಡೆ ಕಜ್ಜಾಯ ಇಟ್ಟುಕೊಂಡ ಹಾಗಿದೆ. ಬಾಯಿ ಒಂದೂವರೆ ಬೆರಳಷ್ಟೇ ತೆರೆಯುತ್ತದೆ. ಇದು ಬೆಣ್ಣೆದೋಸೆಗೆ ಬಂದದ್ದೇನಾ?

ಮಲೆನಾಡ ದಂತವೈದ್ಯೆ | ಭಾನುವಾರ, ಬೆಳಿಗ್ಗೆ 8:25

ಜ್ವರ ಇದೆಯಾ? ನುಂಗಲು ಕಷ್ಟವಾ? ನೋವು ಶುಕ್ರವಾರಕ್ಕಿಂತ ಜಾಸ್ತಿಯೋ ಕಡಿಮೆಯೋ?

ಕೊಬ್ಬರಿಸೀಮೆ | ಭಾನುವಾರ, ಬೆಳಿಗ್ಗೆ 8:31

ಜ್ವರ ಇಲ್ಲ. ನುಂಗಬಹುದು. ನೋವು ಕಡಿಮೆಯೇ. ನೋಡಲು ಮಾತ್ರ ಭಯಂಕರ.

ಮಲೆನಾಡ ದಂತವೈದ್ಯೆ | ಭಾನುವಾರ, ಬೆಳಿಗ್ಗೆ 8:40

ಹಾಗಿದ್ದರೆ ಇದು ಲೆಕ್ಕದ ಪ್ರಕಾರವೇ ನಡೆಯುತ್ತಿದೆ. ಮೂಳೆ ಕೊರೆದ ಜಾಗದಲ್ಲಿ ಊತ 48ರಿಂದ 72 ಗಂಟೆಯವರೆಗೆ ಏರುತ್ತದೆ, ಆಮೇಲೆ ಇಳಿಯುತ್ತದೆ. ಅಗಿಯುವ ಸ್ನಾಯು ಬಿಗಿಯುವುದರಿಂದ ಬಾಯಿ ತೆರೆಯುವುದಿಲ್ಲ. ಐಸ್ ಇಡುವ ಕಾಲ ಮುಗಿಯಿತು, ಅದು ಮೊದಲ ದಿನಕ್ಕೆ. ಕೆನ್ನೆ ಹಳದಿ ಹಸಿರಾದರೂ ಹೆದರಬೇಡಿ, ಕಲೆ ತಾನಾಗಿ ಇಳಿಯುತ್ತದೆ. ನಾಳೆ ಮಧ್ಯಾಹ್ನದ ಮೇಲೂ ಊತ ಏರುತ್ತಲೇ ಇದ್ದರೆ, ಅಥವಾ ಜ್ವರ ಬಂದರೆ, ಕೀಳಿದ ಡಾಕ್ಟರಿಗೇ ಫೋನ್ ಮಾಡಿ. ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸುಮ್ಮನಿರಬೇಡಿ.

ಕೊಬ್ಬರಿಸೀಮೆ | ಮುಂದಿನ ಶುಕ್ರವಾರ, ಸಂಜೆ 5:45

ಇವತ್ತು ಹೊಲಿಗೆ ಬಿಚ್ಚಿದರು. ಇರುವೆ ಕಚ್ಚಿದಷ್ಟೂ ಆಗಲಿಲ್ಲ. ಸೋಮವಾರದಿಂದ ಊತ ಇಳಿಯಿತು, ಬುಧವಾರ ಶಾಲೆಗೆ ಹೋದೆ. ಎರಡು ಪೀರಿಯಡ್ ಆದ ಮೇಲೆ ದವಡೆ ಸೋತು, ಮಕ್ಕಳಿಗೆ ಕಾಪಿ ಬರೆಯಲು ಹೇಳಿ ಕೂತುಬಿಟ್ಟೆ. ರಾಗಿ ಗಂಜಿ ಕುಡಿದೂ ಕುಡಿದೂ ಬೇಜಾರಾಗಿದೆ. ಕುಳಿಯಲ್ಲಿ ಅನ್ನ ಸೇರಿಕೊಳ್ಳುತ್ತದೆ, ಊಟವಾದ ಮೇಲೆ ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ಹಾಯಿಸಿ ತೊಳೆಯಲು ಹೇಳಿಕೊಟ್ಟಿದ್ದಾರೆ. ವಸಡು ಕೂಡಲು ಮೂರು ನಾಲ್ಕು ವಾರ, ಒಳಗೆ ಮೂಳೆ ತುಂಬಲು ತಿಂಗಳುಗಳೇ ಬೇಕಂತೆ. ಕೋಡುಬಳೆ ಕನಸು ಅಷ್ಟರವರೆಗೆ ಡಬ್ಬಿಯಲ್ಲಿ.

ಒಂದೇ ಒಂದು ವಿಷಯ. ಗದ್ದದ ಬಲಗಡೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಇನ್ನೂ ಜೋಮು. ಮುಟ್ಟಿದರೆ ಬೇರೆಯವರ ಚರ್ಮ ಮುಟ್ಟಿದ ಹಾಗೆ. ಡಾಕ್ಟರ್ ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು, ನರ ಬೇರಿನ ಹತ್ತಿರವೇ ಹೋಗಿದೆ ಅಂತ.

ಮಲೆನಾಡ ದಂತವೈದ್ಯೆ | ಮುಂದಿನ ಶುಕ್ರವಾರ, ರಾತ್ರಿ 9:15

ಮೊದಲೇ ಹೇಳಿದ್ದರು ಅಂದರೆ ಒಳ್ಳೆಯ ಡಾಕ್ಟರೇ ಸಿಕ್ಕಿದ್ದಾರೆ. ನರ ತುಂಡಾಗಿರುವುದು ಅಪರೂಪ, ಹೆಚ್ಚಾಗಿ ಒತ್ತಿ ಹೋಗಿರುತ್ತದೆ. ಬಹಳ ಜನಕ್ಕೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಸ್ವಲ್ಪ ಉಳಿದುಬಿಡುವುದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಜೋಮು ಇರುವ ಜಾಗದ ಸುತ್ತ ಪೆನ್ನಿನಲ್ಲಿ ಗೆರೆ ಹಾಕಿ ಫೋಟೋ ತೆಗೆದಿಡಿ, ವಾರಕ್ಕೊಮ್ಮೆ. ಡಾಕ್ಟರಿಗೆ ತೋರಿಸಿ. ಇರುವೆ ಹರಿದ ಹಾಗೆ ಜುಮ್ಮೆನ್ನಲು ಶುರುವಾದರೆ ಅದು ಸಾಮಾನ್ಯವಾಗಿ ಒಳ್ಳೆಯ ಸೂಚನೆ.

ಧಾರವಾಡ ಪೇಡೆ | ಶನಿವಾರ, ಬೆಳಿಗ್ಗೆ 11:05

ಅವ್ವನ ಹಲ್ಲು ಕೀಳಲಿಲ್ಲರೀ. ರೂಟ್ ಕೆನಾಲ್ ಶುರು ಮಾಡಿದ್ದಾರೆ. ಡ್ರಿಪ್ಪಿನ ಚೀಟಿ ತೋರಿಸಿದ ಕೂಡಲೇ ಡಾಕ್ಟರು ಇಕ್ಕಳ ಕೆಳಗಿಟ್ಟರು.

ಕೊಬ್ಬರಿಸೀಮೆ | ಮೂರು ವಾರದ ನಂತರ, ಭಾನುವಾರ ಸಂಜೆ 6:20

ಗೆರೆ ಹಾಕಿಕೊಂಡು ನಾಲ್ಕು ಫೋಟೋ ಆಯಿತು. ಮೊದಲನೆಯದರಲ್ಲಿ ಒಂದು ರೂಪಾಯಿ ನಾಣ್ಯ. ಇವತ್ತಿನದರಲ್ಲಿ ಕಡಲೆಕಾಳಿನಷ್ಟು. ಮೊನ್ನೆಯಿಂದ ಅಲ್ಲಿ ಇರುವೆ ಹರಿಯುತ್ತಿದೆ.